ಗುಂಡು ಕೇಸಿನೊಳಗೇ ಅಡಗಿದರೆ ಲಾಭ ಎಷ್ಟು, ತೊಡಕು ಎಲ್ಲಿ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಸೆಮಿನಾರಿಗೆ ಟೆಲಿಸ್ಕೋಪ್ಡ್ ಕಾಡತೂಸಿನ, ಅಂದರೆ ಗುಂಡು ಹೊರಕವಚದ (ಕೇಸಿನ) ಒಳಗೇ ಹುದುಗಿರುವ ಕಾಡತೂಸಿನ, ವಿನ್ಯಾಸವನ್ನು ಆರಿಸಿಕೊಂಡಿದ್ದೇನೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಕೆಲವರು ಇದನ್ನು ಕೇಸೇ ಇಲ್ಲದ ಕಾಡತೂಸು ಎನ್ನುತ್ತಾರೆ, ಕೆಲವರು ಪ್ಲಾಸ್ಟಿಕ್ ಕೇಸಿನದು ಎನ್ನುತ್ತಾರೆ. ಗುಂಡು ಒಳಗೆ ಹೋದರೆ ಮದ್ದಿಗೆ ಜಾಗ ಕಡಿಮೆಯಾಗಬೇಕಲ್ಲವೇ? ಗುಂಡನ್ನು ಒಳಗೆ ತಳ್ಳಿದ ಮಾತ್ರಕ್ಕೆ ತೂಕ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುವುದು ಹೇಗೆ? ಇಷ್ಟೆಲ್ಲ ಅನುಕೂಲ ಇದ್ದರೆ ಅಮೆರಿಕದ ಸೇನೆ 2022ರಲ್ಲಿ ಇದನ್ನು ಯಾಕೆ ಆರಿಸಲಿಲ್ಲ? ಮದ್ದಿಲ್ಲದ ಒಂದು ಡೆಮೊ ಮಾದರಿಯನ್ನೂ ಮಾಡಬೇಕೆಂದಿದ್ದೇನೆ. ಯಾವ ಬಗೆಯ ಚೇಂಬರ್ (ಹಾರಿಸುವಾಗ ಕಾಡತೂಸು ಕೂರುವ ಕೋಣೆ) ಇಟ್ಟುಕೊಂಡರೆ ಒಳ್ಳೆಯದು?

ಉತ್ತರ: ನಿಮ್ಮ ಗೊಂದಲಕ್ಕೆಲ್ಲ ಬೇರು ಒಂದೇ. ಗುಂಡು ಎಲ್ಲಿ ಕೂತಿದೆ, ಕೇಸ್ ಯಾವುದರಿಂದ ಮಾಡಿದ್ದು, ಚೇಂಬರ್ ಹೇಗೆ ಚಲಿಸುತ್ತದೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಬರೆಯುವವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮೂರನ್ನೂ ಬಿಡಿಸಿ ಇಟ್ಟರೆ ನಿಮ್ಮ ಅರ್ಧ ಪ್ರಶ್ನೆಗಳು ತಾವಾಗಿಯೇ ಕರಗುತ್ತವೆ.

ಸಾಮಾನ್ಯ ಕಾಡತೂಸಿನಲ್ಲಿ ಗುಂಡು ಮದ್ದಿನ ಮುಂದೆ, ಕೇಸಿನ ಬಾಯಿಯಲ್ಲಿ ಕೂತಿರುತ್ತದೆ. ಟೆಲಿಸ್ಕೋಪ್ಡ್ ಕಾಡತೂಸಿನಲ್ಲಿ ಅದು ಮದ್ದಿನ ನಡುವೆ ಇರುತ್ತದೆ, ಮದ್ದು ಅದರ ಸುತ್ತಲೂ ಉಂಗುರವಾಗಿ ತುಂಬಿರುತ್ತದೆ. ಹೊರಕವಚ ಲೋಹದ್ದಿರಬಹುದು, ಪ್ಲಾಸ್ಟಿಕ್ಕಿನದಿರಬಹುದು, ಇಲ್ಲದೆಯೂ ಇರಬಹುದು. ಹೆಕ್ಲರ್ ಅಂಡ್ ಕೋಖ್ ಕಂಪನಿಯ ಜಿ11 ರೈಫಲ್ಲಿನ 4.73 ಮಿ.ಮೀ. ಕಾಡತೂಸಿನಲ್ಲಿ ಗುಂಡು ಗಟ್ಟಿ ಮದ್ದಿನ ಚೌಕ ತುಂಡಿನೊಳಗೆ ಹುದುಗಿತ್ತು. ಅದು ಟೆಲಿಸ್ಕೋಪ್ಡ್ ಹೌದು, ಕೇಸ್ ಇಲ್ಲದ್ದೂ ಹೌದು. ಬ್ರಿಟನ್ನಿನ ಏಜಾಕ್ಸ್ ಮತ್ತು ಫ್ರಾನ್ಸಿನ ಜಾಗ್ವಾರ್ ಕವಚವಾಹನಗಳಲ್ಲಿರುವ 40 ಮಿ.ಮೀ. ಸಿಟಿಎ (ಕೇಸ್ಡ್ ಟೆಲಿಸ್ಕೋಪ್ಡ್ ಆರ್ಮಮೆಂಟ್) ತೋಪಿನ ಕಾಡತೂಸು ಟೆಲಿಸ್ಕೋಪ್ಡ್, ಕೇಸ್ ಇರುವಂಥದ್ದು. 1895ರ ನಗಾಂ ರಿವಾಲ್ವರಿನಲ್ಲೂ ಗುಂಡು ಕೇಸಿನ ಬಾಯಿಗಿಂತ ಒಳಗೇ ಇದೆ. ಆದರೆ ಅಲ್ಲಿ ಮದ್ದು ಗುಂಡಿನ ಹಿಂದೆಯೇ ಇರುವುದರಿಂದ ಅದನ್ನು ಈ ಗುಂಪಿಗೆ ಸೇರಿಸಬೇಡಿ. ನಗಾಂ ಬೇರೊಂದು ಕಾರಣಕ್ಕೆ ಮುಖ್ಯ, ಮುಂದೆ ಹೇಳುತ್ತೇನೆ.

ಇನ್ನು ಮದ್ದಿನ ಜಾಗ. ಇಲ್ಲಿ ಊಹೆ ಬೇಡ, ಲೆಕ್ಕ ಮಾಡಿಬಿಡಿ. 40 ಮಿ.ಮೀ. ಸಿಟಿಎ ಕಾಡತೂಸು ಸುಮಾರು 65 ಮಿ.ಮೀ. ವ್ಯಾಸ, 255 ಮಿ.ಮೀ. ಉದ್ದದ ನೇರ ಸಿಲಿಂಡರ್. ಹೊರ ಅಳತೆಯ ಗಾತ್ರ ಸುಮಾರು 846 ಘನ ಸೆಂ.ಮೀ. ಗುಂಡು 40 ಮಿ.ಮೀ. ದಪ್ಪದಲ್ಲಿ ತುದಿಯಿಂದ ತುದಿಯವರೆಗೆ ಚಾಚಿದೆ ಎಂದು ಕೆಟ್ಟ ಸ್ಥಿತಿಯನ್ನೇ ಹಿಡಿದರೂ ಅದು ತಿನ್ನುವುದು 320 ಘನ ಸೆಂ.ಮೀ. ಉಳಿದ 526 ಘನ ಸೆಂ.ಮೀ., ಅಂದರೆ ಶೇ 62ರಷ್ಟು, ಗುಂಡಿನ ಹೊರಗಿದೆ. ಇದರಲ್ಲಿ ಕೇಸಿನ ಗೋಡೆ ಮತ್ತು ಎರಡು ಮುಚ್ಚಳಗಳ ಪಾಲನ್ನು ಕಳೆಯಬೇಕು, ಅಷ್ಟೇ. ಗಾತ್ರ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಹೊರಗಿನ ಉಂಗುರ ನೋಡಲು ತೆಳು ಅನ್ನಿಸಿದರೂ ಹಿಡಿಯುವುದು ಹೆಚ್ಚು. ಹೋಲಿಕೆಗೆ, ಬೋಫೋರ್ಸ್ ಎಲ್/70 ತೋಪಿನ 40 ಮಿ.ಮೀ. ಕಾಡತೂಸು ಅರ್ಧ ಮೀಟರಿಗೂ ಮಿಕ್ಕಿ ಉದ್ದವಿದೆ.

ಟೆಲಿಸ್ಕೋಪ್ ವಿನ್ಯಾಸದ ನಿಜವಾದ ಗಳಿಕೆ ಈ ಉದ್ದವೇ. ಕಾಡತೂಸು ಗಿಡ್ಡವಾದರೆ ಅದನ್ನು ಹಿಂದಿನಿಂದ ಮುಂದಕ್ಕೆ ತಳ್ಳುವ ಓಟ ಗಿಡ್ಡವಾಗುತ್ತದೆ, ಯಂತ್ರದ ಪೆಟ್ಟಿಗೆ ಗಿಡ್ಡವಾಗುತ್ತದೆ, ಕವಚವಾಹನದ ಟರೆಟ್ (ತೋಪು ಹೊತ್ತು ತಿರುಗುವ ಗೋಪುರ) ಒಳಗೆ ತೋಪು ಚಾಚಿಕೊಳ್ಳುವ ಭಾಗ ಕಡಿಮೆಯಾಗುತ್ತದೆ. ಕವಚ ಸೀಳುವ ಬಾಣದಂಥ ಉದ್ದನೆಯ ದಂಡವೂ ಕೇಸಿನೊಳಗೇ ಹಿಡಿಯುತ್ತದೆ. ಬಾಯಿಯತ್ತ ಕಿರಿದಾಗುವ ಭುಜ, ಕುತ್ತಿಗೆ ಇಲ್ಲದ ನೇರ ಸಿಲಿಂಡರುಗಳು ಪೆಟ್ಟಿಗೆಯಲ್ಲಿ ಸಾಲಾಗಿ ಕೂರುತ್ತವೆ, ನಡುವೆ ಪೋಲಾಗುವ ಜಾಗ ಕಡಿಮೆ. ಆದರೆ ಕೈಬಂದೂಕಿನ ಮ್ಯಾಗಜೀನಿನಲ್ಲಿ ಇದೇ ದಪ್ಪ ತಿರುಗಿ ಹೊಡೆಯುತ್ತದೆ. ಎರಡು ಸಾಲಿನ 30 ಕಾಡತೂಸಿನ ಮ್ಯಾಗಜೀನಿನಲ್ಲಿ ಒಂದೊಂದು ಸಾಲಿಗೆ 15 ಬರುತ್ತವೆ. ಕಾಡತೂಸಿನ ವ್ಯಾಸ 1 ಮಿ.ಮೀ. ಹೆಚ್ಚಾದರೆ ಮ್ಯಾಗಜೀನ್ ಸುಮಾರು 15 ಮಿ.ಮೀ. ಎತ್ತರವಾಗುತ್ತದೆ. ಈ ವಿನ್ಯಾಸ ತೋಪಿಗೆ ಒಗ್ಗಿದಷ್ಟು ಸುಲಭವಾಗಿ ರೈಫಲ್ಲಿಗೆ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ. ಕ್ಯಾಲಿಬರ್ ಚಿಕ್ಕದಾದಂತೆ ಗೋಡೆಯ ದಪ್ಪ ಅದೇ ಪ್ರಮಾಣದಲ್ಲಿ ತೆಳ್ಳಗಾಗುವುದಿಲ್ಲ, ಹಾಗಾಗಿ ಉಂಗುರದ ಲಾಭವೂ ಸವೆಯುತ್ತದೆ.

ತೂಕದ ಮಾತಿಗೆ ಬರೋಣ. ತೂಕ ಇಳಿಸುವುದು ಟೆಲಿಸ್ಕೋಪ್ ವಿನ್ಯಾಸವಲ್ಲ, ಪ್ಲಾಸ್ಟಿಕ್. ಸಾಮಾನ್ಯ 5.56 ಮಿ.ಮೀ. ಕಾಡತೂಸು ಸುಮಾರು 12 ಗ್ರಾಂ ತೂಗುತ್ತದೆ. ಅದರಲ್ಲಿ ಗುಂಡು 4 ಗ್ರಾಂ, ಮದ್ದು 2 ಗ್ರಾಮಿಗೂ ಕಡಿಮೆ, ಉಳಿದ ಸುಮಾರು 6 ಗ್ರಾಂ ಹಿತ್ತಾಳೆ. ಆ ಹಿತ್ತಾಳೆಯ ಜಾಗದಲ್ಲಿ ಒಂದೂವರೆ ಗ್ರಾಮಿನ ಪ್ಲಾಸ್ಟಿಕ್ ಬಂದರೆ ಉಳಿತಾಯ ನಾಲ್ಕೂವರೆ ಗ್ರಾಂ, ಅಂದರೆ ಶೇ 37ರ ಆಸುಪಾಸು. ಅಮೆರಿಕದಲ್ಲಿ ಹಗುರ ಕೈಬಂದೂಕುಗಳಿಗಾಗಿ 2004ರಲ್ಲಿ ಶುರುವಾದ ಎಲ್‌ಎಸ್‌ಎಟಿ ಯೋಜನೆಯ ಹಗುರ ಮಷೀನ್‌ಗನ್ನಿನ ಕಾಡತೂಸಿನಲ್ಲೂ ಉಳಿತಾಯ ಈ ಮಟ್ಟದಲ್ಲೇ ಇತ್ತು. ಗಾತ್ರದಲ್ಲಿ ಉಳಿತಾಯವಾದದ್ದು ಮಾತ್ರ ಸುಮಾರು ಶೇ 12. ಈ ಎರಡು ಅಂಕಿಗಳನ್ನು ಸೆಮಿನಾರಿನಲ್ಲಿ ಪಕ್ಕಪಕ್ಕ ಇಡಿ, ಯಾವುದು ಯಾವುದರ ಕೊಡುಗೆ ಎಂಬುದು ಕೇಳುವವರಿಗೆ ತಟ್ಟನೆ ಹೊಳೆಯುತ್ತದೆ.

ಹಾಗಾದರೆ ಹಳೆಯ ಆಕಾರದಲ್ಲೇ ಪ್ಲಾಸ್ಟಿಕ್ ಕೇಸ್ ಮಾಡಬಹುದಲ್ಲ? ಮಾಡಿದ್ದಾರೆ, ಆದರೆ ಎರಡು ಕಡೆ ಅದು ಸೋಲುತ್ತದೆ. ಗುಂಡನ್ನು ಹಿಡಿಯುವ ತೆಳ್ಳನೆಯ ಕುತ್ತಿಗೆ ಬಿರುಕು ಬಿಡುತ್ತದೆ. ಹಿಂಬದಿಯ ಅಂಚನ್ನು ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಹಿಡಿದು ಎಳೆದಾಗ ಅದು ಕಿತ್ತುಬರುತ್ತದೆ, ಅದಕ್ಕೇ ಅಂಥ ಕೇಸಿಗೆ ಲೋಹದ ತಳ ಕೊಡಬೇಕಾಗುತ್ತದೆ. ನೇರ ಸಿಲಿಂಡರಿಗೆ ಕುತ್ತಿಗೆಯೇ ಇಲ್ಲ. ಇಂಥ ಬಂದೂಕಿನ ಚೇಂಬರ್ ಬ್ಯಾರೆಲ್ಲಿನಿಂದ ಬೇರೆಯಾಗಿ ಚಲಿಸುತ್ತದೆ, ಎರಡೂ ಕಡೆ ಬಾಯಿ ತೆರೆದಿರುತ್ತದೆ. ಹಾಗಾಗಿ ಕೇಸನ್ನು ಎಳೆದು ತೆಗೆಯುವುದೂ ಬೇಡ, ಹೊಸ ಕಾಡತೂಸು ಒಳಬರುವಾಗ ಹಳೆಯ ಕೇಸನ್ನು ಇನ್ನೊಂದು ಬಾಯಿಯಿಂದ ಹೊರಗೆ ತಳ್ಳುತ್ತದೆ. ಸುತ್ತಲೂ ಚೇಂಬರಿನ ಉಕ್ಕು ಆತುಕೊಂಡಿರುತ್ತದೆ. ಹೀಗೆ ಟೆಲಿಸ್ಕೋಪ್ ವಿನ್ಯಾಸ ತಾನಾಗಿ ತೂಕ ಇಳಿಸದಿದ್ದರೂ ಪ್ಲಾಸ್ಟಿಕ್ಕಿಗೆ ಬದುಕುವ ಅವಕಾಶ ಕೊಡುತ್ತದೆ. ಇವೆರಡರ ನಂಟು ಇಷ್ಟೇ.

ಈಗ ತೊಡಕು ಎಲ್ಲಿದೆ ಎಂಬುದು. ಮೊದಲನೆಯದು ಹೊತ್ತಿಕೊಳ್ಳುವ ಕ್ರಮ. ಸಾಮಾನ್ಯ ಕಾಡತೂಸಿನಲ್ಲಿ ಮದ್ದು ಹೊತ್ತುವ ಮೊದಲೇ ಗುಂಡು ಬ್ಯಾರೆಲ್ಲಿನ ಬಾಯಿಗೆ ಹೆಚ್ಚುಕಡಿಮೆ ಮುಟ್ಟಿಕೊಂಡಿರುತ್ತದೆ. ಇಲ್ಲಿ ಗುಂಡು ಕೇಸಿನ ಆಳದಲ್ಲಿದೆ, ಅದರ ಮತ್ತು ಬ್ಯಾರೆಲ್ಲಿನ ನಡುವೆ ಖಾಲಿ ಓಟವಿದೆ. ಆದ್ದರಿಂದ ಕೆಲಸ ಎರಡು ಹಂತದಲ್ಲಿ ಆಗಬೇಕು. ಪ್ರೈಮರ್ (ಕಿಡಿ ಕೊಡುವ ಸಣ್ಣ ಸಿಡಿಮದ್ದು) ಸಿಡಿದಾಗ ಮೊದಲು ಗುಂಡಿನ ಹಿಂದಿರುವ ಸಣ್ಣ ಬೂಸ್ಟರ್ ಮದ್ದು ಹೊತ್ತುತ್ತದೆ. ಅದು ಗುಂಡನ್ನು ಕೇಸಿನೊಳಗೆ ಅದನ್ನು ನೇರವಾಗಿ ಹಿಡಿದಿಡುವ ಒಳನಳಿಗೆಯ ಆಸರೆಯಲ್ಲಿ ಮುಂದೆ ದೂಡುತ್ತದೆ. ಗುಂಡು ಬ್ಯಾರೆಲ್ಲಿನ ಇಳಿಜಾರು ಬಾಯಿಗೆ ಸಿಕ್ಕಿಕೊಂಡು ದಾರಿ ಮುಚ್ಚುತ್ತದೆ. ಆ ಹೊತ್ತಿಗೆ ಜ್ವಾಲೆ ಸುತ್ತಲಿನ ಮುಖ್ಯ ಮದ್ದಿಗೆ ತಲುಪಿ ನಿಜವಾದ ಒತ್ತಡ ಏಳಬೇಕು. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳ ಒಳಗೆ.

ಮುಖ್ಯ ಮದ್ದು ಬೇಗ ಹೊತ್ತಿದರೆ ಬಿಸಿ ಅನಿಲ ಗುಂಡನ್ನು ದಾಟಿ ಮುಂದೆ ನುಗ್ಗುತ್ತದೆ. ವೇಗ ಒಂದೊಂದು ಗುಂಡಿಗೆ ಒಂದೊಂದು ಬಗೆಯಾಗುತ್ತದೆ, ಬ್ಯಾರೆಲ್ಲಿನ ಬಾಯಿ ಕೊರೆದುಹೋಗುತ್ತದೆ. ತಡವಾದರೆ ಗುಂಡು ಮುಂದೆ ಸಾಗಿ ಮದ್ದು ಉರಿಯುವ ಜಾಗ ದೊಡ್ಡದಾಗಿ ಒತ್ತಡ ಬೀಳುತ್ತದೆ. ತೀರಾ ಕೆಟ್ಟ ಸ್ಥಿತಿ ಮೂರನೆಯದು: ಬೂಸ್ಟರ್ ಹೊತ್ತಿತು, ಮುಖ್ಯ ಮದ್ದು ಹೊತ್ತಲಿಲ್ಲ. ಗುಂಡಿನ ಅರ್ಧ ಬ್ಯಾರೆಲ್ಲಿನಲ್ಲಿ, ಅರ್ಧ ಚೇಂಬರಿನಲ್ಲಿ ನಿಲ್ಲುತ್ತದೆ. ಎರಡಕ್ಕೂ ಬೀಗ ಹಾಕಿದಂತಾಗಿ ಚೇಂಬರ್ ತಿರುಗುವುದೇ ಇಲ್ಲ. ಚೇಂಬರ್ ಮತ್ತು ಬ್ಯಾರೆಲ್ ಒಂದೇ ತುಂಡಾಗಿರುವ ಬಂದೂಕಿನಲ್ಲಿ ಈ ಬಗೆಯ ಸಿಕ್ಕು ಬರುವುದಿಲ್ಲ.

ಓಟದಲ್ಲಿ ಗುಂಡು ವಾಲುವುದೂ ಇದೆ. ಒಳನಳಿಗೆಗೂ ಗುಂಡಿಗೂ ನಡುವೆ 0.1 ಮಿ.ಮೀ. ಸಡಿಲವಿದ್ದು, ಆಸರೆ 20 ಮಿ.ಮೀ. ಉದ್ದವಿದ್ದರೆ ಗುಂಡು ಸುಮಾರು 0.29 ಡಿಗ್ರಿ ವಾಲಬಹುದು. ಅಷ್ಟು ವಾಲಿಕೊಂಡೇ ರೈಫ್ಲಿಂಗ್ (ಬ್ಯಾರೆಲ್ಲಿನ ಒಳಗಿನ ಸುರುಳಿ ಗೀರು) ಕಚ್ಚಿದರೆ ಗುಂಡಿನ ಅಕ್ಷವೂ ಬ್ಯಾರೆಲ್ಲಿನ ಅಕ್ಷವೂ ಹೊಂದುವುದಿಲ್ಲ, ಹೊರಬಿದ್ದ ಮೇಲೆ ಗುರಿ ಚೆದರುತ್ತದೆ. ಸಡಿಲವನ್ನು ತೀರಾ ಬಿಗಿ ಮಾಡಿದರೆ ಚಳಿಯಲ್ಲಿ ಪ್ಲಾಸ್ಟಿಕ್ ಕುಗ್ಗಿ ಗುಂಡನ್ನು ಹಿಡಿದುಕೊಳ್ಳುತ್ತದೆ.

ಎರಡನೆಯ ತೊಡಕು ನನ್ನ ಮಟ್ಟಿಗೆ ಇನ್ನೂ ದೊಡ್ಡದು: ಎರಡೂ ತುದಿ ಮುಚ್ಚುವುದು. ಸಾಮಾನ್ಯ ಬಂದೂಕಿನ ಚೇಂಬರಿಗೆ ತೆರೆದ ಬಾಯಿ ಹಿಂದಿನದೊಂದೇ. ಚಲಿಸುವ ಚೇಂಬರಿಗೆ ಮುಂದೆಯೂ ಬ್ಯಾರೆಲ್ಲಿನೊಂದಿಗೆ ಒಂದು ಸಂದು ಇರುತ್ತದೆ. ನಗಾಂ ನೆನಪಾಗಬೇಕಾದದ್ದು ಇಲ್ಲಿ. ಸಾಮಾನ್ಯ ರಿವಾಲ್ವರುಗಳಲ್ಲಿ ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿನಿಂದ ಅನಿಲ ಸೋರುತ್ತದೆ. ನಗಾಂನಲ್ಲಿ ಸಿಲಿಂಡರ್ ಮುಂದೆ ಸರಿದು, ಕೇಸಿನ ಬಾಯಿ ಬ್ಯಾರೆಲ್ಲಿನೊಳಗೆ ಹೊಕ್ಕು ಆ ಸಂದನ್ನು ಮುಚ್ಚುತ್ತಿತ್ತು. ಸೋರಿಕೆ ತಡೆಯುವ ಹೊಣೆಯನ್ನು ಕೇಸಿಗೇ ಒಪ್ಪಿಸುವ ಆ ಉಪಾಯ ಟೆಲಿಸ್ಕೋಪ್ಡ್ ಕೇಸಿನಲ್ಲಿ ಇನ್ನೂ ಕಠಿಣ ರೂಪದಲ್ಲಿ ಮರಳಿದೆ.

ಎಷ್ಟು ಕಠಿಣ ಎಂಬುದಕ್ಕೆ ಒಂದು ಲೆಕ್ಕ. ಕೇಸಿನ ಒಳವ್ಯಾಸ 10 ಮಿ.ಮೀ., ಬ್ಯಾರೆಲ್ 5.56 ಮಿ.ಮೀ., ಒತ್ತಡ 400 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಚೇಂಬರಿನ ಹಿಂಬದಿ ಮುಚ್ಚುವ ಬ್ರೀಚ್ ಮೇಲೆ ಬೀಳುವ ಬಲ ಸುಮಾರು 31 ಕಿಲೋನ್ಯೂಟನ್, ಅಂದರೆ ಮೂರು ಟನ್ನಿಗೂ ಮೇಲೆ. ಮುಂದಿನ ಮುಚ್ಚಳದ ಉಂಗುರದ ಮೇಲೆ, ಬ್ಯಾರೆಲ್ಲಿನ ತೂತು ಕಳೆದು, ಸುಮಾರು 22 ಕಿಲೋನ್ಯೂಟನ್. ಒಂದು ಬಲ ಹಿಂದಕ್ಕೆ, ಇನ್ನೊಂದು ಮುಂದಕ್ಕೆ. ಹಳೆಯ ಬಂದೂಕಿನಲ್ಲಿ ಮುಂದಿನ ಬಲವನ್ನು ಭುಜದ ಭಾಗ ಹೊರುತ್ತದೆ, ಅದು ಬ್ಯಾರೆಲ್ಲಿನದೇ ತುಂಡು. ಹಿಂಬದಿ ಮುಚ್ಚುವ ಬೋಲ್ಟ್ ಕೂಡ ಅದರ ಬೆನ್ನಿಗೇ ಕಚ್ಚಿಕೊಂಡಿರುತ್ತದೆ, ಬಲದ ದಾರಿ ಚಿಕ್ಕದು. ಇಲ್ಲಿ ಬ್ಯಾರೆಲ್ಲಿನ ಮುಖ ಮತ್ತು ಬ್ರೀಚ್ ಎರಡನ್ನೂ ಚೇಂಬರಿನ ಹೊರಗಿನಿಂದ ಸುತ್ತಿ ಬರುವ ಫ್ರೇಮ್ ಹಿಡಿದಿಡಬೇಕು. ಆ ಉಕ್ಕಿನಲ್ಲಿ 200 ಮೆಗಾಪ್ಯಾಸ್ಕಲ್ ಸ್ಟ್ರೆಸ್ ಇದ್ದರೆ ಪ್ರತಿ 100 ಮಿ.ಮೀ. ಉದ್ದಕ್ಕೆ 0.1 ಮಿ.ಮೀ. ಹಿಗ್ಗುತ್ತದೆ. ಅಂದರೆ ಗುಂಡು ಹಾರಿದ ಕ್ಷಣದಲ್ಲೇ ಸಂದು ಅಷ್ಟು ಅಗಲವಾಗುತ್ತದೆ. ಕೇಸಿನ ಮುಚ್ಚಳ ಆ ಸಂದಿನ ಬೆನ್ನುಹತ್ತಿ ಹಿಗ್ಗಿ ಮುಚ್ಚಬೇಕು, ಒತ್ತಡ ಇಳಿದ ಮೇಲೆ ಹಿಂದೆ ಸರಿದು ಚೇಂಬರ್ ತಿರುಗಲು ಬಿಡಬೇಕು. ಸಂದಿಗೆ ಉಬ್ಬಿ ಹರಿದ ಪ್ಲಾಸ್ಟಿಕ್ ಚೂರು ಅಲ್ಲೇ ಉಳಿದರೆ ಮುಂದಿನ ತಿರುಗಾಟ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ಉಷ್ಣತೆಯನ್ನೂ ಸೇರಿಸಿ. ನೈಲಾನ್ ಜಾತಿಯ ಪ್ಲಾಸ್ಟಿಕ್ ಉಕ್ಕಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. 40 ಮಿ.ಮೀ. ಉದ್ದದ ಕೇಸ್ 100 ಡಿಗ್ರಿ ವ್ಯತ್ಯಾಸದಲ್ಲಿ 0.3 ಮಿ.ಮೀ. ಬದಲಾದರೆ ಅದನ್ನು ಹೊತ್ತ ಉಕ್ಕು ಬದಲಾಗುವುದು 0.05 ಮಿ.ಮೀ. ಮಾತ್ರ. ಗಾಜಿನ ನಾರು ಬೆರೆಸಿದರೆ ಈ ಹಿಗ್ಗುವಿಕೆ ತಗ್ಗುತ್ತದೆ, ಜೊತೆಗೆ ಬಾಗುವ ಗುಣವೂ ತಗ್ಗುತ್ತದೆ, ಬಿರುಕು ಹೆಚ್ಚುತ್ತದೆ. ನೈಲಾನ್ ತೇವವನ್ನೂ ಹೀರಿ ಊದಿಕೊಳ್ಳುತ್ತದೆ. ಕಾಡತೂಸು ತುಂಬಿದ ದಿನ ಸರಿಯಿದ್ದ ಅಳತೆ ಗೋದಾಮಿನಲ್ಲಿ ವರ್ಷಗಟ್ಟಲೆ ಇದ್ದ ಮೇಲೂ ಸರಿಯಿರಬೇಕಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ವಿನ್ಯಾಸ ಸ್ಪಷ್ಟವಾಗಿ ಗೆಲ್ಲುತ್ತದೆ. ಬಿಸಿ ಬ್ಯಾರೆಲ್ಲಿನಲ್ಲಿ ಕೂತ ಕಾಡತೂಸು ತಾನಾಗಿ ಹೊತ್ತಿಕೊಳ್ಳುವುದು, ಅಂದರೆ ಕುಕ್-ಆಫ್, ಕೇಸ್ ಇಲ್ಲದ ಜಿ11ರ ವಿನ್ಯಾಸಕಾರರನ್ನು ಬಹಳ ಕಾಡಿತು. ಅದಕ್ಕಾಗಿ ಹೆಚ್ಚು ಬಿಸಿ ತಡೆಯುವ ಹೊಸ ಮದ್ದನ್ನೇ ರೂಪಿಸಬೇಕಾಯಿತು. ಹಿತ್ತಾಳೆ ಕೇಸ್ ಹೊರಬೀಳುವಾಗ ಒಂದಿಷ್ಟು ಬಿಸಿಯನ್ನು ತನ್ನ ಜೊತೆಗೇ ಕೊಂಡೊಯ್ಯುತ್ತದೆ, ಕೇಸೇ ಇಲ್ಲದಿದ್ದರೆ ಆ ಅನುಕೂಲವೂ ಇಲ್ಲ. ಪ್ಲಾಸ್ಟಿಕ್ ಕೇಸಿನ ಟೆಲಿಸ್ಕೋಪ್ಡ್ ಕಾಡತೂಸಿಗೆ ಎರಡು ರಕ್ಷೆಗಳಿವೆ. ಪ್ಲಾಸ್ಟಿಕ್ ಬಿಸಿಯನ್ನು ಒಳಬಿಡುವುದಿಲ್ಲ, ಚೇಂಬರ್ ಬ್ಯಾರೆಲ್ಲಿನಿಂದ ಬೇರೆಯಾಗಿರುವುದರಿಂದ ಬ್ಯಾರೆಲ್ಲಿನ ಕಾವು ನೇರವಾಗಿ ಅದಕ್ಕೆ ಹರಿಯುವುದಿಲ್ಲ.

ಕೇಸ್ ಇಲ್ಲದ ದಾರಿ ಹಿಡಿದವರು ಸೋತದ್ದಕ್ಕೆ ಇನ್ನೊಂದು ಉದಾಹರಣೆ ಎಫ್-15 ಯುದ್ಧವಿಮಾನ. ಅದಕ್ಕೆಂದು 25 ಮಿ.ಮೀ. ಕೇಸ್ ಇಲ್ಲದ ಟೆಲಿಸ್ಕೋಪ್ಡ್ ತೋಪನ್ನು, ಜಿಎಯು-7 ಎಂಬುದನ್ನು, 1970ರ ದಶಕದ ಆರಂಭದಲ್ಲಿ ರೂಪಿಸುತ್ತಿದ್ದರು. ಮದ್ದುಗುಂಡಿನ ತೊಂದರೆಗಳು ಬಗೆಹರಿಯದೆ ಅದನ್ನು ಕೈಬಿಟ್ಟು, ವಿಮಾನಕ್ಕೆ ಹಳೆಯ 20 ಮಿ.ಮೀ. ವಲ್ಕನ್ ತೋಪನ್ನೇ ಕೂರಿಸಿದರು.

2022ರ ವಿಷಯ. ಅಮೆರಿಕದ ಸೇನೆಯ ಹೊಸ 6.8 ಮಿ.ಮೀ. ಆಯುಧದ ಸ್ಪರ್ಧೆಗೆ 2019ರಲ್ಲಿ ಮೂರು ತಂಡಗಳು ಆಯ್ಕೆಯಾದವು. ಟೆಕ್ಸ್‌ಟ್ರಾನ್ ತಂಡದ್ದು ಪ್ಲಾಸ್ಟಿಕ್ ಕೇಸಿನ ಟೆಲಿಸ್ಕೋಪ್ಡ್ ಕಾಡತೂಸು. ಜನರಲ್ ಡೈನಾಮಿಕ್ಸ್ ತಂಡದ್ದು ಹಳೆಯ ಆಕಾರದ ಪ್ಲಾಸ್ಟಿಕ್ ಕೇಸ್. ಗೆದ್ದ ಸಿಗ್ ಸೌಅರ್ ತಂಡದ್ದು ಹಿತ್ತಾಳೆ ಮೈಗೆ ಉಕ್ಕಿನ ತಳ ಕೂಡಿಸಿದ, ನೋಡಲು ಹಳೆಯ ಆಕಾರದ ಕೇಸ್. ಸ್ಪರ್ಧೆಯಲ್ಲಿ ತೂಗಿದ್ದು ರೈಫಲ್, ಮಷೀನ್‌ಗನ್, ಮದ್ದುಗುಂಡು ಮೂರೂ ಸೇರಿದ ವ್ಯವಸ್ಥೆಯನ್ನು. ಅದರಿಂದ ಟೆಲಿಸ್ಕೋಪ್ ತತ್ವವೇ ಸೋತಿತು ಎಂದು ಬರೆಯುವುದು ಆತುರದ ತೀರ್ಮಾನ. ಅದೇ ತತ್ವದ 40 ಮಿ.ಮೀ. ತೋಪು ಸೇನೆಗಳಿಗೆ ಸೇರಿದೆ. ಬ್ರಿಟನ್ 2021ರಲ್ಲಿ ವಾರಿಯರ್ ವಾಹನದ ನವೀಕರಣವನ್ನು ಕೈಬಿಟ್ಟಾಗ ಆ ವಾಹನಕ್ಕೆ ಈ ತೋಪು ಬರುವುದು ತಪ್ಪಿತು, ಏಜಾಕ್ಸ್‌ನಲ್ಲಿ ಮುಂದುವರಿಯಿತು.

ನಿಮ್ಮ ಮಾದರಿಗೆ ಮೂರು ದಾರಿಗಳಿವೆ. 40 ಮಿ.ಮೀ. ಸಿಟಿಎ ತೋಪಿನಂತೆ ಚೇಂಬರ್ ಅಡ್ಡಕ್ಕೆ 90 ಡಿಗ್ರಿ ತಿರುಗಿ ಪಕ್ಕದಿಂದ ಕಾಡತೂಸು ತುಂಬಿಕೊಳ್ಳುವುದು ಒಂದು. ಎಲ್‌ಎಸ್‌ಎಟಿಯಂತೆ ಬ್ಯಾರೆಲ್ಲಿಗೆ ಸಮಾನಾಂತರವಾದ ಅಕ್ಷದ ಮೇಲೆ ತೂಗಿ ಬ್ಯಾರೆಲ್ಲಿನ ಸಾಲಿನಿಂದ ಆಚೆ ಸರಿಯುವುದು ಇನ್ನೊಂದು. ಸ್ಟೈಯರ್ ಕಂಪನಿಯ ಎಸಿಆರ್ ರೈಫಲ್ಲಿನಂತೆ ಮೇಲಕ್ಕೂ ಕೆಳಕ್ಕೂ ನೇರವಾಗಿ ಜಾರುವುದು ಮೂರನೆಯದು. ಅಡ್ಡ ತಿರುಗುವ ಚೇಂಬರಿಗೆ ತಿರುಗಲು ತನ್ನ ಉದ್ದದಷ್ಟು ಅಗಲ ಜಾಗ ಬೇಕು, ಅದರ ಮೂಲೆಗಳು ಬ್ಯಾರೆಲ್ಲಿನ ಮುಖಕ್ಕೆ ತಾಗದಂತೆ ಮುಖವನ್ನು ಕಮಾನಾಗಿ ಕೊರೆಯಬೇಕು. ತೂಗುವ ಚೇಂಬರಿಗೆ ಜಾಗ ಕಡಿಮೆ ಸಾಕು, ಆದರೆ ಪ್ರತಿ ಸುತ್ತಿಗೂ ಹೋಗಿ ನಿಂತು ವಾಪಸು ಬರಬೇಕು, ಎರಡೂ ತುದಿಯಲ್ಲಿ ಪೆಟ್ಟು ತಿನ್ನುತ್ತದೆ. ನೇರ ಜಾರುವುದು ಮಾಡಲು ಸುಲಭ, ಆದರೆ ಜಾರುದಾರಿಯಲ್ಲಿ ಕೊಳೆ ಸೇರಿದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ.

ಪ್ರದರ್ಶನಕ್ಕೆ ಮೊದಲನೆಯದನ್ನೇ ಹಿಡಿಯಿರಿ. ಅದಕ್ಕೆ ನಾಲ್ಕು ಸೀಳುಗಳ ಜಿನೀವಾ ಚಕ್ರ (ಚಾಲಕ ಚಕ್ರದ ಪಿನ್ ಸೀಳಿಗೆ ಹೊಕ್ಕಾಗ ಮಾತ್ರ ತಿರುಗಿ, ಉಳಿದ ಹೊತ್ತು ನಿಲ್ಲುವ ಚಕ್ರ) ಚೆನ್ನಾಗಿ ಹೊಂದುತ್ತದೆ. ಪ್ರತಿ ಸುತ್ತಿಗೆ ಸರಿಯಾಗಿ 90 ಡಿಗ್ರಿ ತಿರುಗಿ ನಿಲ್ಲುತ್ತದೆ, ಚಾಲಕ ಚಕ್ರದ ಉಳಿದ 270 ಡಿಗ್ರಿ ಹೊತ್ತು ಚೇಂಬರ್ ಅಲುಗದೆ ಇರುತ್ತದೆ. ಆ ನಿಲುಗಡೆಯಲ್ಲಿ ಒಮ್ಮೆ ತುಂಬುವ ಕೆಲಸ, ಮತ್ತೊಮ್ಮೆ ಹಾರಿಸುವ ಕೆಲಸ. ಚೇಂಬರಿನ ಎರಡು ಬಾಯಿಯೂ ಒಂದೇ ಥರ ಇರುವುದರಿಂದ ಹಿಂದಕ್ಕೆ ತಿರುಗಿಸುವ ಗೋಜಿಲ್ಲ, ಒಂದೇ ದಿಕ್ಕಿಗೆ ಹೋಗುತ್ತಿರಲಿ. ನಿಮಿಷಕ್ಕೆ 200 ಗುಂಡಿನ ವೇಗವನ್ನು ತೋರಿಸಬೇಕೆಂದರೆ ಚಾಲಕ ಚಕ್ರ ನಿಮಿಷಕ್ಕೆ 400 ಸುತ್ತು ತಿರುಗಬೇಕು, ಪ್ರತಿ ತಿರುವಿಗೆ ಸಿಗುವುದು 37.5 ಮಿಲಿಸೆಕೆಂಡ್. ಜಿನೀವಾದ ಗರಿಷ್ಠ ಕೋನೀಯ ವೇಗೋತ್ಕರ್ಷ ಚಾಲಕದ ಕೋನೀಯ ವೇಗದ ವರ್ಗದ ಸುಮಾರು 5.4 ಪಟ್ಟು, ಆ ವೇಗದಲ್ಲಿ ಪಿನ್ ಮುರಿಯಬಹುದು. ನಿಮಿಷಕ್ಕೆ 20 ಸಾಕು, ನೋಡುವವರಿಗೂ ಕೆಲಸ ಕಣ್ಣಿಗೆ ಕಾಣುತ್ತದೆ.

ಚೇಂಬರನ್ನು ಅಲ್ಯೂಮಿನಿಯಮ್ಮಿನಲ್ಲಿ, ಬ್ರೀಚ್ ಮತ್ತು ಬ್ಯಾರೆಲ್ಲಿನ ಮುಖಗಳನ್ನು ಅಕ್ರಿಲಿಕ್‌ನಲ್ಲಿ ಮಾಡಿ, ಸಂದು ಹೊರಗಿನಿಂದ ಕಾಣಲಿ. ಕಾಡತೂಸುಗಳು ಗಟ್ಟಿ ನೈಲಾನ್ ಸಲಾಕೆಯ ತುಂಡುಗಳಾಗಿರಲಿ. ಪ್ರೈಮರ್ ಬೇಡ, ಹಳೆಯ ಕೇಸ್ ಬೇಡ, ಸಂಕುಚಿತ ಗಾಳಿಯಿಂದ ಹಾರಿಸುವ ಪ್ರಯೋಗವೂ ಬೇಡ. ಅಧ್ಯಯನದ ವಸ್ತು ಚಲನೆ ಮತ್ತು ಅಳತೆ, ಅದಕ್ಕೆ ಇವು ಯಾವುವೂ ಬೇಕಿಲ್ಲ. ನೂಕುವ ಸಲಾಕೆ ಪೂರ್ತಿ ಹಿಂದೆ ಸರಿಯುವ ಮೊದಲು ಚೇಂಬರ್ ತಿರುಗದಂತೆ ಒಂದು ಲಿಮಿಟ್ ಸ್ವಿಚ್ ಇಡಿ, ಇಲ್ಲದಿದ್ದರೆ ಮೊದಲ ದಿನವೇ ಸಲಾಕೆ ಬಾಗುತ್ತದೆ. ಆಮೇಲೆ ನೈಲಾನ್ ತುಂಡುಗಳನ್ನು 0.1 ಮಿ.ಮೀ. ಅಂತರದಲ್ಲಿ ನಾಲ್ಕೈದು ಉದ್ದಗಳಲ್ಲಿ ಕೊಯ್ದು ಒಂದೊಂದನ್ನೇ ಹಾಕಿ ತಿರುಗಿಸಿ. ಎಷ್ಟು ಉದ್ದಕ್ಕೆ ಚೇಂಬರ್ ಕಚ್ಚಿಕೊಳ್ಳುತ್ತದೆ, ಎಷ್ಟಕ್ಕೆ ಸಂದಿನಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರುತ್ತದೆ ಎಂದು ಬರೆದಿಡಿ. ಒಂದಷ್ಟು ತುಂಡುಗಳನ್ನು ಎರಡು ದಿನ ನೀರಲ್ಲಿ ನೆನೆಸಿ ಅದೇ ಪರೀಕ್ಷೆ ಮತ್ತೆ ಮಾಡಿ.